ಕೂಡಿ ಉಣ್ಣುತ್ತೇವೆಂದ ಮಾತು

ನಮ್ಮ ಮದುವೆ ಆಳಂದದಲ್ಲಿ, ಮಣ್ಣಿನ ಮಾಳಿಗೆಯ ಸಣ್ಣ ಪ್ರಾರ್ಥನಾ ಮನೆಯಲ್ಲಿ ಆಯಿತು. ಅವಳು ಅಫಜಲಪುರ ಕಡೆಯ ಗೊಬ್ಬೂರಿನವಳು. ನಾನು ಮಟಕಿಯ ಮಿಷನ್ ಶಾಲೆಯ ಮಾಸ್ತರ. ಆಗ ನಿಜಾಮರ ಕಾಲ. ನಮ್ಮ ತಂದೆಯ ಕಾಲಕ್ಕೆ ಕ್ರೈಸ್ತರಾದ ಮನೆಗಳು ನಮ್ಮವು.

ಪಾದ್ರಿಗಳು ಆದಿಕಾಂಡದಿಂದ ಹೆಣ್ಣಿನ ಸೃಷ್ಟಿಯ ಕತೆ ಓದಿದರು. ಆದಾಮನು ಒಂಟಿಯಾಗಿದ್ದದ್ದು, ದೇವರು ಅವನಿಗೆ ಗಾಢ ನಿದ್ರೆ ಬರಿಸಿದ್ದು, ಅವನ ಪಕ್ಕೆಲುಬೊಂದನ್ನು ತೆಗೆದು ಹೆಣ್ಣು ಮಾಡಿದ್ದು. ಓದಿ ಮುಗಿಸಿ ನನ್ನ ಕಡೆ ನೋಡಿದರು.

"ನೀನು ಉಂಡುಬಿಟ್ಟ ತಟ್ಟೆಯಲ್ಲಿ ಇವಳು ಉಣ್ಣಬಾರದು. ಪಕ್ಕದಲ್ಲಿ ಕೂರಿಸಿಕೊಂಡು ಉಣ್ಣಬೇಕು. ಮಾತು ಕೊಡುತ್ತೀಯಾ?"

"ಕೊಡ್ತೇನ್ರಿ" ಅಂದೆ. ಅವಳೂ ತಲೆ ಆಡಿಸಿದಳು.

ನಮ್ಮ ಕಡೆ ಗಂಡ ಉಂಡ ಮೇಲೆ ಅದೇ ಗಂಗಾಳದಲ್ಲಿ ಹೆಂಡತಿ ಉಣ್ಣುವುದು ರೂಢಿ. ಆ ರೂಢಿ ಬಿಡಿಸಬೇಕೆಂದು ಪಾದ್ರಿಗಳು ಪ್ರತಿ ಜೋಡಿಯಿಂದಲೂ ಈ ಮಾತು ತೆಗೆದುಕೊಳ್ಳುತ್ತಿದ್ದರು. ಆದರೆ ಅವರು ಅನ್ನ ಉಣ್ಣುವ ಸೀಮೆಯವರು. ಜೋಳದ ರೊಟ್ಟಿಯ ಸಂಗತಿ ಅವರಿಗೆ ತಿಳಿದಿರಲಿಲ್ಲ. ರೊಟ್ಟಿ ಒಂದೊಂದೇ ಬಡಿಯಬೇಕು, ಒಂದೊಂದೇ ಬೇಯಿಸಬೇಕು, ಹೆಂಚಿನ ಮೇಲಿಂದ ಇಳಿದದ್ದೇ ಉಣ್ಣುವವನ ಗಂಗಾಳಕ್ಕೆ ಬೀಳಬೇಕು. ಬಡಿಯುವವಳು ಒಲೆ ಬಿಟ್ಟು ಏಳುವ ಹಾಗಿಲ್ಲ. ಇಬ್ಬರೂ ಕೂಡಿ ಕೂರಬೇಕೆಂದರೆ ಎಲ್ಲ ಬಡಿದು ಬುಟ್ಟಿಯಲ್ಲಿಟ್ಟು, ಆರಿದ್ದನ್ನು ತಿನ್ನಬೇಕು.

ಮೊದಲು ಹಾಗೇ ಮಾಡಿದೆವು. ದೀಕ್ಷಾಸ್ನಾನವಾಗಿದ್ದರೂ ಹಳೆಯ ರೀತಿ ಬಿಡದ ನನ್ನ ತಾಯಿ ಊರಿಂದ ಬಂದಾಗಲೆಲ್ಲ ಹೊಸ್ತಿಲಲ್ಲಿ ಕೂತು ನಗುತ್ತಿದ್ದಳು.

"ಏನ್ ಬೇ, ನಿಮ್ಮ ಯೇಸುಸ್ವಾಮಿ ತಣ್ಣನ್ ರೊಟ್ಟಿ ತಿನ್ನಂತ ಹೇಳ್ಯಾನೇನು? ನನ್ನ ಮಗನ ಹಲ್ಲು ಗಟ್ಟಿ ಅದಾವು, ಪುಣ್ಯಾ!"

"ನಿಮ್ಮ ಮಗನ ಹಲ್ಲು ನೋಡೇ ಮದಿವಿ ಆಗೇನ್ರಿ ಅತ್ತಿ" ಅನ್ನುತ್ತಿದ್ದಳು ಇವಳು.

ಎರಡನೆಯ ತಿಂಗಳಲ್ಲಿ ಒಂದು ದಿನ ಕಿಣ್ಣಿ ಸುಲ್ತಾನ ಎಂಬ ಊರಿಗೆ ನಡೆದು ಹೋಗಿ, ಹಸಿದು ಬಂದೆ. "ಒಂದು ಬಿಸಿದು ಹಾಕು" ಅಂದೆ. ಹಾಕಿದಳು. ಇನ್ನೊಂದು ಹಾಕಿದಳು. ಅವತ್ತು ನಾನು ಉಂಡು ಎದ್ದ ಮೇಲೆ ಅವಳು ಉಂಡಳು. ಮರುದಿನವೂ ಹಾಗೆಯೇ ಆಯಿತು. ಜಗಳವಿಲ್ಲ, ಚರ್ಚೆಯಿಲ್ಲ. ಕೊಟ್ಟ ಮಾತು ಸದ್ದಿಲ್ಲದೆ ಹೋಯಿತು.

ಆದಾಮನ ಕತೆ ಹೇಳುವುದನ್ನು ಮಾತ್ರ ನಾನು ಬಿಡಲಿಲ್ಲ. ಪ್ರತಿ ವರ್ಷ ಶಾಲೆಯ ಮಕ್ಕಳಿಂದ ಹೇಳಿಸಿದೆ, ಭಾನುವಾರದ ಕೂಟಗಳಲ್ಲಿ ಹೇಳಿದೆ. ಒಮ್ಮೆ ಜೇವರ್ಗಿಯ ಸಭೆಯಲ್ಲಿ ಗಂಡ ಹೆಂಡತಿ ಒಂದೇ ಶರೀರ ಎಂಬುದನ್ನು ವಿವರಿಸಿದಾಗ ಹಿರಿಯರು ಬೆನ್ನು ತಟ್ಟಿದರು. ಅವಳು ಹಿಂದೆ ಹೆಂಗಸರ ನಡುವೆ ಕೂತು ಕೇಳಿದ್ದಳು. ಬಂಡಿಯಲ್ಲಿ ಬರುವಾಗ ಅಂದಳು:

"ಭಾಳ ಚಲೋ ಹೇಳಿದ್ರಿ. ನಾಳಿಂದ ರೊಟ್ಟಿ ತಣ್ಣಗ ಮಾಡ್ಲೇನು?"

ನಾನು ನಕ್ಕೆ. ಅವಳೂ ನಕ್ಕಳು. ಅದು ಬರೀ ಚೇಷ್ಟೆ ಅಂದುಕೊಂಡೆ.

ನಮಗೆ ಮಕ್ಕಳಾಗಲಿಲ್ಲ. ವರ್ಷಗಳು ಹೀಗೇ ಹೋದವು. ದೂರದಲ್ಲೆಲ್ಲೋ ಯುದ್ಧ ನಡೆದು, ಊರಲ್ಲಿ ಸೀಮೆಎಣ್ಣೆ ಸಿಗದ ವರ್ಷ ಬಂತು. ಪಕ್ಕದ ಮನೆಯ ಮುದುಕಿ ಒಂದು ಬೆಳಿಗ್ಗೆ ಹಾಲು ಕೊಡಲು ಬಂದವಳು ಬಾಗಿಲಲ್ಲೇ ನಿಂತಳು.

"ಮಾಸ್ತರ್ರ, ಒಂದು ಮಾತು ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ನಿಮ್ಮ ಮನ್ಯಾಗ ರೊಟ್ಟಿ ಹೆಚ್ಚಾಗ್ಯಾವೇನು?"

"ಯಾಕವ್ವಾ?"

"ಎಲ್ಡ ತಿಂಗಳಾತು, ನಿಮ್ಮ ಹೇಣ್ತಿ ದಿನಾ ತನ್ನ ರೊಟ್ಟಿ ತಂದು ನಮ್ಮ ಎಮ್ಮಿ ಬಾಯಾಗ ಇಡಾಕತ್ತಾಳ. ಎಮ್ಮಿ ದಪ್ಪಾತು. ಆಕಿ ನೋಡ್ರಿ ಹೆಂಗಾಗ್ಯಾಳ!"

ನಾನು ಅಡುಗೆಯ ಕಡೆ ತಿರುಗಿ ನೋಡಿದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ಕೈ ಎತ್ತಿದಾಗ ಬಳೆಗಳು ಜಾರಿ ಮೊಣಕೈವರೆಗೆ ಬಂದವು. ದಿನಾ ಆ ಕೈಯಿಂದ ಬಡಿಸಿಕೊಂಡವನು ನಾನು.

ಮಿಷನ್ ದವಾಖಾನೆಗೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ಹೊಟ್ಟೆ ಮುಟ್ಟಿ ನೋಡಿ ನನ್ನನ್ನು ಕೇಳಿದರು, "ಊಟ ಕಡಿಮೆಯಾಗಿ ಎಷ್ಟು ದಿನವಾಯಿತು?"

ನನಗೆ ಗೊತ್ತಿರಲಿಲ್ಲ. ಹದಿಮೂರು ವರ್ಷ ಒಂದೇ ಮನೆಯಲ್ಲಿ ಇದ್ದವನಿಗೆ ಅದು ಗೊತ್ತಿರಲಿಲ್ಲ. ಅವಳೇ ಮಲಗಿದಲ್ಲಿಂದ ಅಂದಳು, "ನಾ ಹೇಳಿಲ್ರಿ. ಅವರ್ದೇನು ತಪ್ಪಿಲ್ರಿ."

ಹೊಟ್ಟೆಯಲ್ಲಿ ಗಡ್ಡೆ ಇತ್ತು. ಆರು ತಿಂಗಳು ಮುಂಚೆ ಬಂದಿದ್ದರೆ ನೋಡಬಹುದಿತ್ತು ಎಂದರು.

ಮರಳಿ ಬರುವಾಗ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಯಾವಾಗ ಹೇಳ್ಲಿ? ನೀವು ಉಂಡು ಹೊರಗ ಹೋಗ್ತಿದ್ರಿ. ಒಲಿ ಮುಂದ ನಾ ಒಬ್ಬಾಕೇ. ಒಂದು ಇದ್ದದ್ದು ಅರ್ಧ ಆತು, ಅರ್ಧ ಇದ್ದದ್ದು ತುಣುಕಾತು. ಮಗ್ಗಲದಾಗ ಯಾರರೆ ಇದ್ರ ಕೇಳ್ತಿದ್ರು. ಬಿಡ್ರಿ. ಬಿಸಿ ರೊಟ್ಟಿ ಅಂದ್ರ ನಿಮಗ ಜೀವ" ಅಂದಳು.

ಕಡೆಯ ಏಳು ವಾರ ನಾನೇ ಒಲೆ ಹಚ್ಚಿದೆ. ನನ್ನ ರೊಟ್ಟಿ ಹೆಂಚಿಗೆ ಹೋಗುವ ಮುಂಚೆಯೇ ಹರಿಯುತ್ತಿತ್ತು. ಅವಳಿಗೆ ಅಂಬಲಿ ಕಾಯಿಸಿ, ಗೋಡೆಗೆ ಒರಗಿಸಿ ಕೂರಿಸಿ, ಪಕ್ಕದಲ್ಲಿ ಕೂತು ಕುಡಿಸಿದೆ. ಅವಳು ಕುಡಿಯುತ್ತಿದ್ದದ್ದು ಎರಡು ಗುಟುಕು. ನನ್ನ ಹರಿದ ರೊಟ್ಟಿ ನೋಡಿ, "ಪಾದ್ರಿಗೋಳಿಗಿ ಕರೀರಿ, ತೋರಸೂಣು" ಅನ್ನುತ್ತಿದ್ದಳು. ಜೋಳ ತೆನೆ ಹಿಡಿಯುವ ಮುಂಚೆ ಹೋದಳು.

ಮಣ್ಣು ಮಾಡುವಾಗ ಪಾದ್ರಿಗಳು ಪುನರುತ್ಥಾನದ ಮಾತು ಆಡಿದರು. ನನಗೆ ಕೇಳಲಿಲ್ಲ. ನಾನು ಆದಾಮನ ನಿದ್ರೆಯನ್ನು ನೆನೆಯುತ್ತಿದ್ದೆ. ಎಲುಬು ತೆಗೆಯುವಾಗ ದೇವರು ಅವನನ್ನು ಮಲಗಿಸಿದ್ದ. ಎದ್ದ ಮೇಲೆ ಅವನು ಅವಳನ್ನು ನೋಡಿ ತನ್ನವಳೆಂದು ಗುರುತಿಸಿದ. ನಾನು ಮದುವೆಯಾದ ಮೇಲೂ ಮಲಗಿಯೇ ಇದ್ದೆ. ಎದ್ದು ಗುರುತಿಸುವ ಹೊತ್ತಿಗೆ ಅವಳೆಂಬ ಎಲುಬನ್ನು ನನ್ನಿಂದ ತೆಗೆಯುತ್ತಿದ್ದರು, ಈ ಸಲ ನಿದ್ರೆಯಿಲ್ಲದೆ. ಅವನ ಗಾಯವನ್ನು ದೇವರು ಮಾಂಸದಿಂದ ಮುಚ್ಚಿದನೆಂದು ಬರೆದಿದೆ. ನನ್ನದರ ಬಗ್ಗೆ ಏನೂ ಬರೆದಿಲ್ಲ.

ಒಂದೇ ಶರೀರ ಎಂಬ ಮಾತನ್ನು ನಾನು ಎಷ್ಟೋ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೆ. ಅದರರ್ಥ ದೊಡ್ಡದಿರಬಹುದು. ನನಗೆ ಈಗ ತಿಳಿದಿರುವುದು ಇಷ್ಟೇ: ಇನ್ನೊಬ್ಬರ ಹಸಿವು ತನಗೆ ಗೊತ್ತಾಗುವಷ್ಟು ಹತ್ತಿರ ಕೂರುವುದು.

ತಿಂಗಳಾದ ಮೇಲೆ ಊರಿಂದ ಬಂದ ನನ್ನ ತಾಯಿ ಒಲೆಯ ಮುಂದೆ ಕೂತು ನನ್ನ ಗಂಗಾಳಕ್ಕೆ ಬಿಸಿ ರೊಟ್ಟಿ ಹಾಕಿದಳು. ನಾನು ಅದನ್ನು ಎತ್ತಿ ಬುಟ್ಟಿಯಲ್ಲಿಟ್ಟೆ.

"ಎಲ್ಲಾ ಬಡಿ. ಕೂಡೇ ಉಣ್ಣೂಣು."

"ಹುಚ್ಚೇನ್ಲೇ? ಆರ್ತಾವು."

"ಆರ್ಲಿ."

ಬೈಯುತ್ತಲೇ ಬಡಿದು ಮುಗಿಸಿದಳು. ಗಂಡಸಿನ ಪಕ್ಕ ಕೂತು ಅವಳು ಎಂದೂ ಉಂಡವಳಲ್ಲ. ಸೆರಗು ಎಳೆದುಕೊಂಡು ಗೋಡೆಯ ಕಡೆ ಮುಖ ಮಾಡಿ ಕೂತಳು. ನಾನು ಅವಳ ಕೈಯನ್ನೇ ನೋಡುತ್ತಿದ್ದೆ. ಒಂದು ಮುಗಿಯಿತು. ಎರಡನೆಯದನ್ನು ಮುರಿದಳು.

"ಏನ್ ನೋಡ್ತೀ? ಹಡೆದಾಕಿ ರೊಟ್ಟಿ ಎಣಸ್ತೀಯೇನು?"

"ಹೌದು, ಎಣಸಾಕತ್ತೇನಿ" ಅಂದೆ.

ಅವಳು ಗೋಡೆಯ ಕಡೆಯಿಂದ ಸ್ವಲ್ಪ ಇತ್ತ ತಿರುಗಿ ಕೂತು, ಮುರಿದದ್ದನ್ನು ತಿಂದಳು.