ಡಿಕಾಕ್ಷನ್ ಇಳಿಯುವ ತನಕ ಗಂಟೆ ಇಲ್ಲ

ನಾನು ಚಹಾದ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಹೇಳುವುದೆಲ್ಲ ಕಾಫಿಯ ವಿಷಯ, ಮತ್ತು ಅದರಲ್ಲಿ ನನ್ನ ಮರ್ಯಾದೆ ಸ್ವಲ್ಪ ಹೋಗಿದೆ. ಆಳಂದದಲ್ಲಿ ಹಳೆಯ ತೊಗರಿ ಗೋದಾಮೊಂದರಲ್ಲಿ ನಡೆಯುತ್ತಿದ್ದ ಹೆಣ್ಣುಮಕ್ಕಳ ಸರ್ಕಾರಿ ಹೈಸ್ಕೂಲಿನಲ್ಲಿ ನಾನು ಕನ್ನಡ ಮಾಸ್ತರನಾಗಿದ್ದೆ. ಮಕ್ಕಳಿಗೆ ಗುರಣ್ಣ ಸರ್, ಬೆನ್ನ ಹಿಂದೆ ಸಿಡುಕು ಸರ್. ಆ ಶಾಲೆಯ ಸಿಪಾಯಿಣಿ ಮಲ್ಕಮ್ಮ. ಗಂಟೆ ಹೊಡೆಯುವುದು, ಟಪಾಲು ಒಯ್ಯುವುದು, ದಿನಕ್ಕೆರಡು ಸಲ ಮಾಸ್ತರರಿಗೆ ಚಹಾ ಮಾಡುವುದು ಅವಳ ಕೆಲಸ. ಗಂಟೆ ಎಂದರೆ ಬೇವಿನ ಮರಕ್ಕೆ ತೂಗುಹಾಕಿದ ರೈಲು ಹಳಿಯ ತುಂಡು, ಹೊಡೆಯಲಿಕ್ಕೆ ಒಂದು ಲಾರಿಯ ಬೋಲ್ಟು. ಬೋಲ್ಟು ಅವಳ ಗಂಡ ಭಗವಂತ ಕೊಟ್ಟದ್ದು. ಅವನು ಖಜೂರಿಯಿಂದ ಸೊಲ್ಲಾಪುರಕ್ಕೆ ಲಾರಿ ಓಡಿಸುತ್ತಿದ್ದ.

ಎಪ್ಪತ್ತೊಂಬತ್ತರ ಜೂನಿನಲ್ಲಿ ಗಣಿತ ಕಲಿಸಲು ಪಂಕಜಾಕ್ಷಿ ಟೀಚರ್ ಬಂದರು. ಊರು ಅರಸೀಕೆರೆ. ಮೊದಲ ದಿನ ಮಲ್ಕಮ್ಮ ಕೆಟಲಿ ಹಿಡಿದು ಅವರ ಕಪ್ಪಿಗೆ ಚಹಾ ಸುರಿಯತೊಡಗಿದಾಗ ಅವರು ಮೆಲ್ಲಗೆ, ಕಾಫಿ, ಅಂದರು. ಮಲ್ಕಮ್ಮ ಥಟ್ಟನೆ ಕೆಟಲಿ ಎತ್ತಿಬಿಟ್ಟಳು. ನಮ್ಮ ಕಡೆ ಯಾರ ಬಾಯಲ್ಲಾದರೂ ಕಾಫಿ ಎಂದರೆ ಉರ್ದುವಿನ ಕಾಫಿ, ಅಂದರೆ ಸಾಕು. ಮರುದಿನವೂ ಅರ್ಧ ಬೆರಳು ಚಹಾ ಬಿದ್ದೊಡನೆ ಅವರು ಕಾಫಿ ಅಂದರು, ಇವಳು ನಿಲ್ಲಿಸಿದಳು. ಮೂರನೆಯ ದಿನ ಅವರು ಸ್ವಲ್ಪ ಜೋರಾಗಿ ಎರಡು ಸಲ ಕಾಫಿ, ಕಾಫಿ ಅಂದರು. ಇವಳು ಹೆದರಿ ಅಂದು ನಾಲ್ಕು ಹನಿಯನ್ನಷ್ಟೇ ಹಾಕಿದಳು. ಈ ಸೀಮೆಯಲ್ಲಿ ಬಂದವರಿಗೆ ಒಂದೇ ಗುಟುಕು ಕೊಡುವ ಪದ್ಧತಿ ಇರಬೇಕೆಂದು ಟೀಚರ್ ತಿಳಿದರು. ಮೈಸೂರ ಕಡೆಯವರು ಗುಬ್ಬಿಯ ಹಾಗೆ ಕುಡಿಯುತ್ತಾರೆಂದು ಮಲ್ಕಮ್ಮ ತಿಳಿದಳು. ನಾಲ್ಕನೆಯ ದಿನ ನಾನೇ ನಡುವೆ ಬಿದ್ದು ಗಂಟು ಬಿಡಿಸಿದೆ. ಇಬ್ಬರೂ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು.

ಮಲ್ಕಮ್ಮನ ನಗುವಿನ ಹಿಂದೆ ಒಂದು ಆಸೆ ಇತ್ತು. ಅವಳು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಮೂವತ್ತು ದಾಟಿದ ಮೇಲೆ ಖಾಸಗಿಯಾಗಿ ಎಸ್ಸೆಸ್ಸೆಲ್ಸಿಗೆ ಕೂತು, ಗಣಿತ ಒಂದನ್ನು ಬಿಟ್ಟು ಉಳಿದೆಲ್ಲ ಮುಗಿಸಿದ್ದಳು. ಅದೊಂದು ಪಾಸಾದರೆ ಸಿಪಾಯಿಣಿ ಗುಮಾಸ್ತೆ ಆಗಬಹುದಿತ್ತು. ಗಣಿತದಲ್ಲಿ ಮೊದಲ ಸಲ ಹನ್ನೊಂದು, ಎರಡನೆಯ ಸಲ ಹತ್ತೊಂಬತ್ತು. ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ ಎಂದು ನಾನೇ ಅವಳಿಗೆ ಸಮಾಧಾನ ಹೇಳಿದ್ದೆ. ಆದರೆ ನಮ್ಮ ಶಾಲೆಗೆ ಬಂದ ಗಣಿತದವರು ಯಾರೂ ದೀಪಾವಳಿ ದಾಟಿ ನಿಂತವರಲ್ಲ. ಪಂಕಜಾಕ್ಷಿ ಟೀಚರೂ ಮೊದಲ ವಾರದಲ್ಲೇ ವರ್ಗಾವಣೆಗೆ ಅರ್ಜಿ ಬರೆದರು. ಆ ಲಕೋಟೆಯನ್ನು ಟಪಾಲಿಗೆ ಹಾಕಿ ಬಂದವಳು ಮಲ್ಕಮ್ಮನೇ. ದಾರಿಯಲ್ಲಿ ಕಳೆದುಹೋಯಿತು ಅನ್ನು ಎಂದು ನಾನು ಕಿವಿಯಲ್ಲಿ ಹೇಳಿದ್ದಕ್ಕೆ ಅವಳು ನನ್ನನ್ನು ನೋಡಿದ ರೀತಿಗೆ ನಾನು ಎರಡು ದಿನ ಅವಳ ಚಹಾ ಕೇಳಲಿಲ್ಲ.

ಟೀಚರ್ ಮಾತ್ರ ದೊಡ್ಡ ಮನಸ್ಸಿನವರು. ಇರುವಷ್ಟು ದಿನ ಸಂಜೆ ಐದರಿಂದ ಆರರವರೆಗೆ ಲೆಕ್ಕ ಹೇಳಿಕೊಡುತ್ತೇನೆಂದು ಒಪ್ಪಿದರು. ತೊಂದರೆ ಇದ್ದದ್ದು ಅವರ ತಲೆಯಲ್ಲಿ. ಹುಟ್ಟಿದಾಗಿನಿಂದ ಕಾಫಿಗೆ ಒಗ್ಗಿದ ತಲೆ, ಸಂಜೆಗೆ ಸಿಡಿಯತೊಡಗುತ್ತಿತ್ತು. ಅವರ ಬಾಡಿಗೆ ಕೋಣೆಯಲ್ಲಿ ಒಲೆ ಹಚ್ಚುವಂತಿರಲಿಲ್ಲ, ಊಟ ಖಾನಾವಳಿಯದು. ಹೀಗಾಗಿ ಪಾಠ ಹತ್ತು ನಿಮಿಷಕ್ಕೆ ಮುಗಿದು, ಅವರು ಹಣೆ ಒತ್ತಿಕೊಳ್ಳುತ್ತ ಹೋಗಿಬಿಡುತ್ತಿದ್ದರು. ಐವತ್ತು ನಿಮಿಷದ ಗಣಿತ ದಿನಾ ತಲೆನೋವಿಗೆ ಹೋಗುತ್ತಿತ್ತು. ಮಲ್ಕಮ್ಮನಿಗೆ ಆ ವರ್ಷ ಮೊದಲು ಬಂದ ವ್ಯವಕಲನ ಇದು.

ಭಗವಂತ ಸೊಲ್ಲಾಪುರದಿಂದ ಕಾಫಿ ಪುಡಿ ತಂದ. ಮಲ್ಕಮ್ಮ ಅದನ್ನು ತನಗೆ ಗೊತ್ತಿದ್ದ ಹಾಗೆ ಮಾಡಿದಳು: ಹಾಲು, ಸಕ್ಕರೆ, ಪುಡಿ, ಮೇಲೆ ಜಜ್ಜಿದ ಶುಂಠಿ, ಎಲ್ಲವನ್ನೂ ಸ್ಟವ್ವಿನ ಮೇಲಿಟ್ಟು ಕಳಕಳ ಕುದಿಸಿದಳು. ಟೀಚರ್ ಒಂದು ಗುಟುಕು ಕುಡಿದು, ತುಂಬಾ ಚೆನ್ನಾಗಿದೆ ಅಂದರು. ಮೂರು ದಿನ ಹಾಗೇ ಅಂದರು. ನಾಲ್ಕನೆಯ ದಿನ ಕಿಟಕಿಯ ಹೊರಗೆ ಬೇವಿನ ಬುಡಕ್ಕೆ ಇರುವೆ ಮುತ್ತಿದ್ದು ಮಲ್ಕಮ್ಮನ ಕಣ್ಣಿಗೆ ಬಿತ್ತು. ಬೇರೆಯವರಾಗಿದ್ದರೆ ಮುಖ ಊದಿಸಿಕೊಳ್ಳುತ್ತಿದ್ದರು. ಅವಳು ನನ್ನ ಹತ್ತಿರ ಬಂದು, "ಲೆಕ್ಕ ತಪ್ಪ್ಯಾದ್ರಿ ಸರ್, ಮತ್ತ ಮಾಡ್ತೇನಿ," ಅಂದಳು.

ಶುಂಠಿ ಬಿಟ್ಟಳು. ಆಮೇಲೆ ಪುಡಿಯನ್ನು ತೆಳು ಬಟ್ಟೆಯಲ್ಲಿಟ್ಟು ಮೇಲೆ ಕುದಿನೀರು ಸುರಿದು ಸೋಸಿದಳು. ಇರುವೆ ಕಡಿಮೆಯಾದವು. ದಸರೆಯ ರಜೆಗೆ ಊರಿಗೆ ಹೋದ ಟೀಚರ್ ಹಿತ್ತಾಳೆಯ ಫಿಲ್ಟರ್ ಒಂದನ್ನು ತಂದರು. ತಳದ ತೂತು ನೋಡಿ ಮಲ್ಕಮ್ಮ, ಇದರಲ್ಲಿ ಶ್ಯಾವಿಗೆ ಎಷ್ಟು ಸಣ್ಣಗೆ ಬರುತ್ತದೆ ಎಂದು ಕೇಳಿದಳಂತೆ. ಟೀಚರ್ ಅವಳಿಗೆ ಒಂದೇ ನಿಯಮ ಕಲಿಸಿದರು: ಒಂದು ಸಲಕ್ಕೆ ಒಂದನ್ನೇ ಬದಲಿಸು, ಬರೆದಿಡು. ಮಲ್ಕಮ್ಮ ಗಣಿತದ ನೋಟುಬುಕ್ಕನ್ನು ತಿರುಗಿಸಿ ಹಿಂದಿನಿಂದ ಬರೆಯತೊಡಗಿದಳು. ಪುಡಿ ಎರಡು ಚಮಚ, ನೀರು ಐದು, ಒತ್ತಿಲ್ಲ: ನೀರುನೀರು. ಪುಡಿ ಎರಡು, ನೀರು ಐದು, ಸ್ವಲ್ಪ ಒತ್ತಿದೆ: ಛಲೋ. ಪುಡಿ ಮೂರು, ನೀರು ಐದು: ಟೀಚರ್ ಕಣ್ಣು ಮುಚ್ಚಿದರು. ಕುದಿಯುವ ಮೊದಲೇ ನೀರು ಹಾಕಿದೆ: ಹುಳಿ. ಅನುಪಾತ ಎಂಬ ಪಾಠ ಅವಳಿಗೆ ಹೀಗೆ ನಾಲಿಗೆಯಿಂದ ಒಳಗಿಳಿಯಿತು. ಸಂಜೆಯ ಪಾಠ ಈಗ ಪೂರಾ ಒಂದು ತಾಸು ನಡೆಯುತ್ತಿತ್ತು, ಕೆಲವು ದಿನ ಒಂದೂಕಾಲು ತಾಸು.

ನನಗೆ ಇದೆಲ್ಲ ಹುಚ್ಚಾಟ ಅನಿಸುತ್ತಿತ್ತು. ಕುದಿಸು, ಸೋಸು, ತೊಟ್ಟಿಕ್ಕಿಸು, ಯಾವ ಹಾದಿಯಿಂದ ಬಂದರೂ ಕಾಫಿ ಎಂದರೆ ಸುಟ್ಟ ತೊಗರಿ ಹೊಟ್ಟಿನ ನೀರು ಎಂದು ಸ್ಟಾಫ್ ರೂಮಿನಲ್ಲಿ ನಾನು ಸಾರಿ ಸಾರಿ ಹೇಳಿದ್ದೆ.

ನವೆಂಬರಿನ ಒಂದು ದಿನ ಎಂಟನೆಯ ತರಗತಿಗೆ ಸಮಾಸ ಹೇಳುತ್ತಿದ್ದೆ. ಎರಡನೆಯ ಪಿರಿಯಡ್. ಅದು ಮುಗಿದರೆ ಚಹಾದ ಬಿಡುವು. ತತ್ಪುರುಷ ಮುಗಿಯಿತು, ಕರ್ಮಧಾರಯ ಮುಗಿಯಿತು, ದ್ವಿಗುವೂ ಮುಗಿಯಿತು, ಗಂಟೆ ಮಾತ್ರ ಆಗಲಿಲ್ಲ. ಮಕ್ಕಳು ಆಕಳಿಸಿದರು. ಬಹುವ್ರೀಹಿಗೆ ಮುಕ್ಕಣ್ಣ ಎಂಬ ಉದಾಹರಣೆಯನ್ನು ಮೂರನೆಯ ಸಲ ಹೇಳುವಾಗ ನನ್ನದೇ ಮೂರನೆಯ ಕಣ್ಣು ತೆರೆಯುವುದೊಂದು ಬಾಕಿ ಇತ್ತು. ಹೊರಗೆ ಬಂದು ನೋಡಿದರೆ ಮಲ್ಕಮ್ಮ ಕೈಯಲ್ಲಿ ಬೋಲ್ಟು ಹಿಡಿದು, ಫಿಲ್ಟರಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾಳೆ.

"ಇನ್ನಾ ಇಳದಿಲ್ರಿ ಸರ್," ಅಂದಳು. "ಹನಿ ಹನಿ ಬೀಳಾಕತ್ತಾದ."

ಆಮೇಲೆ ತಿಳಿದದ್ದು ಇಷ್ಟು. ಶಾಲೆಯ ಗೋಡೆ ಗಡಿಯಾರ ನಿಂತು ಒಂದು ತಿಂಗಳಾಗಿತ್ತು. ಎರಡನೆಯ ಪಿರಿಯಡ್ ಆರಂಭಕ್ಕೆ ನೀರು ಹಾಕಿದರೆ ಡಿಕಾಕ್ಷನ್ ಇಳಿದು ಮುಗಿಯುವ ಹೊತ್ತಿಗೆ ಸರಿಯಾಗಿ ಮುಕ್ಕಾಲು ತಾಸು ಆಗುತ್ತದೆಂದು ಅವಳು ಕಂಡುಕೊಂಡಿದ್ದಳು. ಉಳಿದ ಗಂಟೆಗಳನ್ನೂ ಅದೇ ಅಳತೆಯ ಅಂದಾಜಿನ ಮೇಲೆ ಹೊಡೆಯುತ್ತಿದ್ದಳು. ತಿಂಗಳಿಡೀ ನಮ್ಮ ಶಾಲೆ ನಡೆದದ್ದು ಫಿಲ್ಟರಿನ ಮೇಲೆ, ಒಬ್ಬರಿಗೂ ಸುಳಿವಿರಲಿಲ್ಲ. ಅಂದು ಭಗವಂತ ತಂದ ಪುಡಿ ನುಣ್ಣಗಿತ್ತು, ಇವಳು ಒತ್ತಿದ್ದೂ ಹೆಚ್ಚಾಗಿತ್ತು. ಇಪ್ಪತ್ತೆರಡು ನಿಮಿಷ ತಡ.

ಹೆಡ್ ಮೇಡಂ ಗೌಸಿಯಾಬೇಗಂ ಸಮಯದ ವಿಷಯದಲ್ಲಿ ಬಹಳ ಖಡಕ್ಕು. ಮಲ್ಕಮ್ಮನನ್ನು, ಪಂಕಜಾಕ್ಷಿ ಟೀಚರನ್ನು, ದೂರು ಹೇಳಿದ ನನ್ನನ್ನು ಒಟ್ಟಿಗೇ ಕರೆಸಿದರು. ಚಹಾದ ಹಾಗೆ ಕುದಿಸಿದರೆ ಐದು ನಿಮಿಷದಲ್ಲಿ ಆಗುವ ವಸ್ತುವಿಗೆ ಇಷ್ಟು ಹೊತ್ತು ಕಾಯುವಷ್ಟು ರುಚಿಯಲ್ಲಿ ಫರಕು ಇದೆಯೇ ಎಂಬುದು ಅವರ ಪ್ರಶ್ನೆ. ಇದ್ದರೆ ಸರಿ, ಇಲ್ಲದಿದ್ದರೆ ಫಿಲ್ಟರ್ ನಾಳೆಯಿಂದ ಶಾಲೆಯಲ್ಲಿ ಕಾಣಬಾರದು. ಶನಿವಾರ ಮೂರು ರೀತಿಯಲ್ಲೂ ಮಾಡಬೇಕು, ಗುರಣ್ಣ ಸರ್ ಕುಡಿದು ಹೇಳಬೇಕು; ಅವರಿಗೆ ಕಾಫಿ ಎಂದರೆ ಆಗುವುದಿಲ್ಲ, ಹಾಗಾಗಿ ಯಾರ ಪಕ್ಷವೂ ಅಲ್ಲ ಎಂದರು. ಫಿಲ್ಟರ್ ಹೋದರೆ ಸಂಜೆಯ ಪಾಠ ಮತ್ತೆ ಹತ್ತು ನಿಮಿಷಕ್ಕೆ ಇಳಿಯುತ್ತದೆಂದು ಮಲ್ಕಮ್ಮನಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು.

ಶನಿವಾರ ಮಕ್ಕಳು ಮನೆಗೆ ಹೋದ ಮೇಲೆ ನನ್ನ ಮುಂದೆ ಮೂರು ಕಪ್ಪು ಬಂದವು. ಅದೇ ಪುಡಿ, ಅದೇ ಹಾಲು, ಅಷ್ಟೇ ಸಕ್ಕರೆ. ಯಾವುದು ಯಾವುದೆಂದು ತಿಳಿಯದ ಹಾಗೆ ಕಪ್ಪಿನ ತಳಕ್ಕೆ ಹೊರಗಡೆ ಸುಣ್ಣದ ಗುರುತು. ಮೊದಲನೆಯದು ಬಾಯಿಗೆ ಒಗರು, ಗಂಟಲಲ್ಲಿ ಕಹಿ ಕೂತಿತು. ಎರಡನೆಯದು ಪರವಾಗಿಲ್ಲ, ಆದರೆ ನುಂಗಿದೊಡನೆ ರುಚಿ ಮರೆತುಹೋಗುತ್ತಿತ್ತು. ಮೂರನೆಯದು ಹಾಗಲ್ಲ. ಮೊದಲು ವಾಸನೆ ಬಂತು, ಆಮೇಲೆ ಕಹಿ ಬಂತು, ಆ ಕಹಿಯೇ ಕೊನೆಗೆ ಸಿಹಿಯಾಗಿ ನಾಲಿಗೆಯ ಮೇಲೆ ಉಳಿಯಿತು. ಇಂಥದ್ದೊಂದು ಇದೆಯೆಂದು ನನಗೆ ಆ ತನಕ ಗೊತ್ತಿರಲಿಲ್ಲ. ಆದರೆ ಆಡಿದ ಮಾತು ಒಡೆದ ಮುತ್ತು. ಸ್ಟಾಫ್ ರೂಮಿನಲ್ಲಿ ಇಷ್ಟು ದಿನ ಸಾರಿದ್ದನ್ನು ಹೇಗೆ ನುಂಗಲಿ? ಬಾಯಿ ಒರೆಸಿಕೊಂಡು, ಮೂರೂ ಒಂದೇ, ಏನೂ ಫರಕಿಲ್ಲ ಅಂದುಬಿಟ್ಟೆ. ಅಂದ ಮರುಗಳಿಗೆಯೇ ನಾಚಿಕೆಯಾಯಿತು. ಅದನ್ನು ಹೇಳಲೂ ನಾಚಿಕೆಯಾಯಿತು.

ಪಂಕಜಾಕ್ಷಿ ಟೀಚರ್ ತಲೆ ತಗ್ಗಿಸಿದರು. ಗೌಸಿಯಾಬೇಗಂ ಪೆನ್ನು ತೆಗೆದರು. ಮಲ್ಕಮ್ಮ ಕಪ್ಪು ಎತ್ತಿಕೊಳ್ಳಲು ಬಂದವಳು ಬಗ್ಗಿ ಒಳಗೆ ನೋಡಿದಳು, ಹಾಗೇ ನಿಂತಳು. ಆಮೇಲೆ ಒಂದೊಂದಾಗಿ ಮೂರನ್ನೂ ಹೆಡ್ ಮೇಡಂ ಅವರ ಮೇಜಿನ ಮೇಲಿಟ್ಟಳು. ಮೊದಲನೆಯದರಲ್ಲಿ ಮುಕ್ಕಾಲು ಉಳಿದಿತ್ತು. ಎರಡನೆಯದರಲ್ಲಿ ಅರ್ಧ. ಮೂರನೆಯದನ್ನು ಅವಳು ಬೋರಲು ಹಾಕಿದಳು, ಒಂದು ಹನಿಯೂ ಬೀಳಲಿಲ್ಲ. ತಳದಲ್ಲಿ ಸುಣ್ಣದಿಂದ ಫಿಲ್ಟರಿನ ಫಿ ಎಂದು ಬರೆದಿತ್ತು.

"ನಾಲಿಗಿ ಸುಳ್ಳ ಹೇಳಬಹುದ್ರಿ ಮೇಡಂ," ಅಂದಳು, "ಕಪ್ಪ ಹೇಳಂಗಿಲ್ಲ."

ಗೌಸಿಯಾಬೇಗಂ ನಕ್ಕದ್ದನ್ನು ಆ ಶಾಲೆಯ ಗೋಡೆಗಳು ಕೇಳಿದ್ದು ಅದೇ ಮೊದಲು. ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ, ಮತ್ತು ನಿಜ ಹೇಳಬೇಕೆಂದರೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಗಿತ್ತು. ತೀರ್ಪು ಅಲ್ಲೇ ಆಯಿತು: ಫಿಲ್ಟರ್ ಇರಲಿ, ಆದರೆ ನೀರು ಮೊದಲನೆಯ ಪಿರಿಯಡ್ಡಿಗೇ ಹಾಕಬೇಕು. ಗೋಡೆ ಗಡಿಯಾರವನ್ನು ಗುರಣ್ಣ ಸರ್ ತಮ್ಮ ಖರ್ಚಿನಲ್ಲಿ ರಿಪೇರಿ ಮಾಡಿಸಬೇಕು, ಸುಳ್ಳಿಗೆ ದಂಡ.

ಜನವರಿಯಲ್ಲಿ ವರ್ಗಾವಣೆಯ ಆದೇಶ ಬಂದೇ ಬಂತು. ಅರಸೀಕೆರೆಗೆ ಹತ್ತಿರದ ಊರು, ಬಯಸಿದ್ದೇ ಸಿಕ್ಕಿತ್ತು. ಟಪಾಲು ತಂದವಳು ಮಲ್ಕಮ್ಮ. ಲಕೋಟೆಯ ಮೇಲಿನ ಮೊಹರು ಓದಿದೊಡನೆ ಅವಳಿಗೆ ತಿಳಿದಿತ್ತು. ಆದರೂ ಟೀಚರ ಕೈಗಿಟ್ಟು, ನೆಲ ನೋಡುತ್ತ ನಿಂತಳು. ಪರೀಕ್ಷೆಗೆ ಇನ್ನೂ ಎರಡೂವರೆ ತಿಂಗಳಿತ್ತು. ಟೀಚರ್ ಎರಡು ಸಲ ಓದಿದರು, ಮಡಚಿ ಪರ್ಸಿನಲ್ಲಿಟ್ಟರು. ಕಿಟಕಿಯ ಹೊರಗೆ ನೋಡಿದರು. ನಾನು ಅಲ್ಲೇ ಮಕ್ಕಳ ವಹಿ ತಿದ್ದುತ್ತಿದ್ದೆ, ತಿದ್ದಿದ್ದನ್ನೇ ತಿದ್ದುತ್ತಿದ್ದೆ.

"ಅನುಪಾತ ಮುಗಿದಿದೆ, ಶೇಕಡಾ ಇನ್ನೂ ಮುಗಿದಿಲ್ಲ ಮಲ್ಕಮ್ಮ," ಅಂದರು ಟೀಚರ್. "ಹಾಲು ಇದೆಯಾ?"

ವರ್ಷದ ಕೊನೆಗೆ ಬಿಡುಗಡೆ ಮಾಡಿದರೆ ಸಾಕೆಂದು ಅವರು ಅಂದೇ ಬರೆದುಕೊಟ್ಟರು. ಅವರನ್ನು ನಿಲ್ಲಿಸಿದ್ದು ಕಾಫಿಯೋ ಶಿಷ್ಯೆಯೋ ಎಂದು ನಾನು ಈಗಲೂ ಯೋಚಿಸುತ್ತೇನೆ. ಬೇರೆ ಬೇರೆ ಮಾಡಿ ನೋಡಲು ಆಗುವುದಿಲ್ಲ. ಆ ಹೊತ್ತಿಗೆ ಎರಡೂ ಬೆರೆತುಹೋಗಿದ್ದವು.

ಏಪ್ರಿಲ್ಲಿನಲ್ಲಿ ಪರೀಕ್ಷೆ ಮುಗಿಸಿ ಬಂದವಳು, ಹಾಲು ನೀರಿನ ಮಿಶ್ರಣದ ಲೆಕ್ಕ ಬಂದಿತ್ತೆಂದೂ, ಅದನ್ನು ನೋಡಿ ನಕ್ಕಿದ್ದಕ್ಕೆ ಮೇಲ್ವಿಚಾರಕರು ಗದರಿಸಿದರೆಂದೂ ಹೇಳಿದಳು. ಮೇ ತಿಂಗಳಿಡೀ ಖಜೂರಿಯಲ್ಲಿ ಅವಳು ಪರೀಕ್ಷೆಯಲ್ಲಿ ಬರೆದ ಲೆಕ್ಕಗಳನ್ನೇ ಮತ್ತೆ ಮತ್ತೆ ಮಾಡಿ ನೋಡುತ್ತಿದ್ದಳೆಂದು ಭಗವಂತ ಬಂದು ನನಗೆ ಹೇಳಿಹೋದ.

ಅಂಕಪಟ್ಟಿ ಬಂದದ್ದು ಜೂನಿನಲ್ಲಿ, ಪಂಕಜಾಕ್ಷಿ ಟೀಚರ್ ಶಾಲೆಯಿಂದ ಬಿಡುಗಡೆಯಾಗುವ ದಿನವೇ. ಅವರ ಟ್ರಂಕು ಬಾಗಿಲಲ್ಲಿತ್ತು. ಹಿತ್ತಾಳೆಯ ಫಿಲ್ಟರ್ ಮಾತ್ರ ಅದರೊಳಗೆ ಹೋಗಿರಲಿಲ್ಲ, ಅದು ಮಲ್ಕಮ್ಮನಿಗೆಂದು ಮೇಜಿನ ಮೇಲೇ ಇತ್ತು. ಗೌಸಿಯಾಬೇಗಂ ಲಕೋಟೆ ಒಡೆದು, ಕನ್ನಡಕ ಸರಿಮಾಡಿಕೊಂಡು ಓದಿದರು: ಗಣಿತ, ಮೂವತ್ತೈದು. ಪಾಸಾಗಲು ಬೇಕಾದದ್ದು ಮೂವತ್ತೈದು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ಮಲ್ಕಮ್ಮ ಗೋಡೆಗೆ ಒರಗಿ ನಿಂತಳು. ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು. ನನ್ನ ಕಣ್ಣೂ ನೆನೆದಿದ್ದವು. ಅದನ್ನು ಮುಚ್ಚಲು ಎಂದಿನ ಹಾಗೆ ಕೆಣಕಿದೆ: ಇಷ್ಟು ಕಾಫಿ ಕುದಿಸಿ, ಸೋಸಿ, ಇಳಿಸಿ ಬರೀ ಮೂವತ್ತೈದೇ?

ಅವಳು ಸೆರಗಿನಿಂದ ಮುಖ ಒರೆಸಿಕೊಂಡು, "ಕಾಫಿ ಆಯ್ತ್ರಿ ಸರ್," ಅಂದಳು.

ಟ್ರಂಕಿನ ಬೀಗ ನೋಡುತ್ತಿದ್ದ ಪಂಕಜಾಕ್ಷಿ ಟೀಚರಿಗೆ ಕೇಳಿಸಿದ್ದು ಅಷ್ಟೇ, ಅದೂ ಅರಸೀಕೆರೆಯ ಕಾಫಿ. ಅವರು ತಿರುಗಿ, ಅಭ್ಯಾಸಬಲದಿಂದ ಲೋಟ ಚಾಚಿದರು. ಅವರ ಹಿಂದೆಯೇ ನಾನೂ ನನ್ನ ಕಪ್ಪು ಚಾಚಿದೆ.