ಬೆಣ್ಣೆಕೈ ಮತ್ತು ಬೆಳಕಿನ ಪೆಟ್ಟಿಗೆ

ನಮ್ಮಪ್ಪನಿಗೆ ಬೀದಿಯವರು ಇಟ್ಟ ಹೆಸರು ಬೆಣ್ಣೆಕೈ. ಅವನ ಕಟಿಂಗ್ ಶಾಪಿನ ಕುರ್ಚಿಯಲ್ಲಿ ಕೂತವರು ಗಡ್ಡ ಹೋದದ್ದೂ ಗೊತ್ತಾಗದೆ ಗೊರಕೆ ಹೊಡೆಯುತ್ತಿದ್ದರು. ಕತ್ತಿ ತಾಗಿದರೆ ರಕ್ತ ನಿಲ್ಲಿಸಲು ಒತ್ತುವ ಪಟಿಕದ ತುಂಡೊಂದು ಕನ್ನಡಿಯ ಕೆಳಗಿತ್ತು. ನಾನು ಹುಟ್ಟುವ ಮುಂಚೆ ತಂದದ್ದು, ಇನ್ನೂ ಸವೆದಿರಲಿಲ್ಲ. ಅಪ್ಪನಿಗೆ ಅದೇ ದೊಡ್ಡ ಜಂಬ.

ಹೋಗಿ ಹೋಗಿ ಆ ಕೈಗೇ ಸೋರಿಯಾಸಿಸ್ ಬಂತು. ಅಂಗೈ ದಪ್ಪಗಾಗಿ ಹೊಟ್ಟು ಉದುರುತ್ತಿತ್ತು, ಬೆರಳ ಸಂದುಗಳು ಬಿರಿದು ರಕ್ತ ಜಿನುಗುತ್ತಿತ್ತು. ಅಂಟುವ ರೋಗ ಅಲ್ಲವೆಂದು ಚರ್ಮದ ಡಾಕ್ಟರಮ್ಮ ಹೇಳಿದ್ದನ್ನು ನಾನು ಬೀದಿಗೆಲ್ಲ ಸಾರಿದೆ. ಕೇಳುವವರು ಯಾರು? ಗಿರಾಕಿಗಳು ಎದುರು ಸಿಕ್ಕಾಗ ನಗುತ್ತಲೇ ಇದ್ದರು, ಗಡ್ಡ ಮಾತ್ರ ಪಕ್ಕದ ಬೀದಿಯಲ್ಲಿ ಮಾಡಿಸಿಕೊಂಡಿರುತ್ತಿದ್ದರು. ಆ ನುಣ್ಣನೆಯ ಮುಖಗಳನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಬಿಡದೆ ಬಂದವರು ಮೇಷ್ಟ್ರು ಒಬ್ಬರೇ. ಅಂಗಡಿ ತೆರೆದ ದಿನದ ಮೊದಲ ಗಿರಾಕಿ. ಮಾತಿಗೆ ಕೂತರೆ ಕೆನ್ನೆಯ ಮೇಲಿನ ನೊರೆ ಒಣಗಿಹೋಗುತ್ತಿತ್ತು. "ಕೈಗೆ ಏನಾದ್ರೂ ಆಗ್ಲಯ್ಯ, ಕೈಗುಣ ಎಲ್ಲಿ ಹೋಗುತ್ತೆ?" ಅನ್ನುತ್ತಿದ್ದರು.

ಆಮೇಲೆ ಅವರೇ ಹಾಸಿಗೆ ಹಿಡಿದರು. ನಾವು ನೋಡಲು ಹೋದಾಗ ಮುಖದ ತುಂಬ ಗಡ್ಡ ಬೆಳೆದಿತ್ತು.

"ಬೇರೆಯವರ ಕೈಗೆ ಮುಖ ಕೊಟ್ಟಿಲ್ಲ ಕಣಯ್ಯ. ನೀನೇ ಬಂದು ಮಾಡು," ಅಂದರು.

ಅಪ್ಪ ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. "ಒಡೆದ ಕೈಯಲ್ಲಿ ನಿಮ್ಮನ್ನ ಮುಟ್ಟಲ್ಲ ಮೇಷ್ಟ್ರೇ. ಒಂದಿಷ್ಟು ವಾಸಿಯಾಗ್ಲಿ, ನಾನೇ ಬರ್ತೀನಿ."

"ಹಾಗಾದ್ರೆ ಬೇಗ ವಾಸಿ ಮಾಡ್ಕೊ. ನನಗೆ ಟೈಮಿಲ್ಲ," ಎಂದು ಮೇಷ್ಟ್ರು ನಕ್ಕರು.

ಅಲ್ಲಿಯವರೆಗೆ ಡಾಕ್ಟರಮ್ಮ ಹೇಳಿದ್ದ ಬೆಳಕಿನ ಚಿಕಿತ್ಸೆ ಎಂದರೆ ಮೂಗು ಮುರಿಯುತ್ತಿದ್ದ ಅಪ್ಪ ಮಾರನೆಯ ದಿನವೇ ಆಸ್ಪತ್ರೆಗೆ ಹೊರಟ. ಅಲ್ಲಿ ಔಷಧಿ ಬೆರೆಸಿದ ನೀರಿನಲ್ಲಿ ಕೈ ನೆನೆಸಿ, ಕಪ್ಪು ಕನ್ನಡಕ ಹಾಕಿಸಿ, ಟ್ಯೂಬ್‌ಲೈಟುಗಳಿದ್ದ ಪೆಟ್ಟಿಗೆಯೊಳಗೆ ಕೈ ಇಡಿಸುತ್ತಿದ್ದರು. ಮೊದಲು ಚೂರೇ ಚೂರು ಬೆಳಕು, ಆಮೇಲೆ ನಿಧಾನವಾಗಿ ಜಾಸ್ತಿ. ಪ್ರತಿ ಸಲವೂ ನರ್ಸಮ್ಮನ ಎಚ್ಚರಿಕೆ ಒಂದೇ: "ಈ ಔಷಧಿ ಹಾಕಿದ ಚರ್ಮ ಬಿಸಿಲು ತಡ್ಕೊಳ್ಳಲ್ಲ. ಇವತ್ತು ಪೂರ್ತಿ ಗ್ಲೌಸ್ ಬಿಚ್ಚಬೇಡಿ. ಅವಸರ ಮಾಡಿದ್ರೆ ಸುಟ್ಟುಹೋಗುತ್ತೆ."

ಹೊಟ್ಟು ಉದುರುವುದು ಕಮ್ಮಿಯಾಗುತ್ತಾ ಬಂತು. ಆದರೆ ಮೇಷ್ಟ್ರಿಗೆ ಊಟ ಸೇರುತ್ತಿಲ್ಲ ಎಂಬ ಸುದ್ದಿಯೂ ಬಂತು. ಅದನ್ನು ಕೇಳಿದ ದಿನ ಅಪ್ಪ ಆಸ್ಪತ್ರೆಯಿಂದ ಬಂದವನು ಅಂಗಡಿಯ ತಾರಸಿಗೆ ಹತ್ತಿದ. ಎಷ್ಟು ಹೊತ್ತಾದರೂ ಇಳಿಯಲಿಲ್ಲವೆಂದು ನಾನು ಹೋಗಿ ನೋಡಿದರೆ, ಒಗೆದ ಟವೆಲುಗಳ ಸಾಲಿನ ಪಕ್ಕದಲ್ಲಿ ಮೋಟುಗೋಡೆಯ ಮೇಲೆ ಬರಿಗೈ ಚಾಚಿಕೊಂಡು ಕೂತಿದ್ದ. ನಡು ಮಧ್ಯಾಹ್ನದ ಬಿಸಿಲು.

"ಅಪ್ಪಾ, ತಲೆ ಕೆಟ್ಟಿದೆಯಾ ನಿಂಗೆ?"

"ಅವರು ಪೆಟ್ಟಿಗೇಲಿ ಒಂದು ಚೂರು ಬೆಳಕು ಕೊಡ್ತಾರೆ. ಇಲ್ಲಿ ಇಷ್ಟೊಂದು ಸುಮ್ಮನೆ ಬಿದ್ದಿದೆಯಲ್ಲಮ್ಮ," ಅಂದ.

ಜೀವಮಾನವೆಲ್ಲ ಟವೆಲು, ಬ್ರಷ್ಷು ಎಲ್ಲವನ್ನೂ ಆ ಬಿಸಿಲಿಗೇ ಒಪ್ಪಿಸಿದವನು. ಬಿಸಿಲಿನಲ್ಲಿ ಒಣಗಿದ್ದು ಶುದ್ಧವಾಗುತ್ತದೆ ಎಂದು ನಂಬಿದವನು. ನಾನು ರಟ್ಟೆ ಹಿಡಿದು ಕೆಳಗೆ ಎಳೆದುಕೊಂಡು ಬಂದೆ. ಸಂಜೆಯಾದರೂ ಕೈಗೆ ಏನೂ ಆಗಿರಲಿಲ್ಲ. "ನೋಡಿದ್ಯಾ?" ಎಂದು ಬೀಗಿದ.

ಎರಡು ದಿನ ಬಿಟ್ಟು ಅಂಗೈ ಕೆಂಡದಂತಾಗಿ ಬೊಬ್ಬೆ ಎದ್ದವು. ಡಾಕ್ಟರಮ್ಮ ಬೈಯಲಿಲ್ಲ, ಮುಲಾಮು ಹಚ್ಚಿ ಬಟ್ಟೆ ಸುತ್ತಿ ಬೆಳಕು ನಿಲ್ಲಿಸಿದರು. ಅವರ ಪಾಲಿನದ್ದನ್ನೂ ಸೇರಿಸಿ ನಾನೇ ಬೈದೆ. ಗಾಯ ಮಾಗಿದ ಮೇಲೆ ಮತ್ತೆ ಮೊದಲಿನಿಂದ, ಹದವರಿತು ಬೆಳಕು ಕೊಟ್ಟು ಅವರು ಆ ಕೈಯನ್ನು ಸರಿ ಮಾಡಿದರು, ನಿಜ. ಮೇಷ್ಟ್ರಿಗೆ ಅಷ್ಟು ಟೈಮಿರಲಿಲ್ಲ.

ಸಾವಿನ ಸುದ್ದಿ ಬಂದಾಗ ಅಪ್ಪನ ಕೈಗೆ ಸುತ್ತಿದ ಬಟ್ಟೆ ಇನ್ನೂ ಬಿಚ್ಚಿರಲಿಲ್ಲ. ಕ್ಷೌರದ ಚೀಲ ತಗೋ ಎಂದಷ್ಟೇ ನನಗೆ ಹೇಳಿದ. ಕನ್ನಡಿಯ ಕೆಳಗಿದ್ದುದನ್ನೆಲ್ಲ ಅದಕ್ಕೆ ತುಂಬಿಕೊಂಡೆ. ಮೇಷ್ಟ್ರ ಗಡ್ಡ ಕುತ್ತಿಗೆ ಮುಚ್ಚಿತ್ತು.

"ದಿನಾ ನಿಮ್ಮನ್ನೇ ಕೇಳ್ತಿದ್ರು," ಅಂದರು ಅವರ ಹೆಂಡತಿ. "ಕೈ ಹೇಗಾದ್ರೂ ಇರ್ಲಿ, ಬಂದಿದ್ರೆ ಸಾಕಿತ್ತು ಅಂತಿದ್ರು."

ಅಪ್ಪ ಬಿಸಿನೀರು ಕೇಳಿ ತರಿಸಿಕೊಂಡು ಬ್ರಷ್ ಹಿಡಿಯಲು ನೋಡಿದ. ಅದು ಜಾರಿ ಬಿತ್ತು. ಮತ್ತೆ ಹಿಡಿದ, ಮತ್ತೆ ಬಿತ್ತು. ಕೊನೆಗೆ ನನ್ನ ಕಡೆ ನೋಡಿದ.

ಒಬ್ಬರ ಮುಖದ ಮೇಲೆ ನಾನು ಕತ್ತಿ ಇಟ್ಟವಳೇ ಅಲ್ಲ. "ಚರ್ಮ ಎಳೆದು ಹಿಡ್ಕೊ. ಒತ್ತಬೇಡ. ಅವರಿಗೆ ಇಲ್ಲಿ ಎಡಕ್ಕೆ ಸುಳಿ ಇದೆ," ಎಂದು ಅಪ್ಪ ಹೇಳುತ್ತಾ ಹೋದ, ನಾನು ಮಾಡುತ್ತಾ ಹೋದೆ. ಗದ್ದದ ಹತ್ತಿರ ಕೈ ತಪ್ಪಿ ಕತ್ತಿ ತಾಗಿತು.

"ಪಟಿಕ ಒತ್ತು, ಬೇಗ," ಎಂದು ಅಪ್ಪ ಮುಂದೆ ಬಾಗಿದ.

ನಾನು ಚೀಲದಿಂದ ಪಟಿಕ ತೆಗೆದು ಹಿಡಿದುಕೊಂಡೆ. ಇಬ್ಬರೂ ಆ ಗೀರನ್ನೇ ನೋಡುತ್ತಾ ಕಾದೆವು. ರಕ್ತ ಬರಲಿಲ್ಲ.

ಅಪ್ಪ ಬಟ್ಟೆ ಸುತ್ತಿದ ಎರಡೂ ಕೈಗಳನ್ನು ಮೇಷ್ಟ್ರ ಕೆನ್ನೆಗಳ ಮೇಲಿಟ್ಟು ಬಿಕ್ಕಿ ಬಿಕ್ಕಿ ಅತ್ತ.