ಚಂದ್ರಕಾಂತನ ಎರಡು ಕೆಂಪು ಕಾರ್ಡುಗಳು

ಸನತ್‌ನಗರದ ಕೋಳಿ ಆಹಾರದ ಕಾರ್ಖಾನೆಯಲ್ಲಿ ಎಲೆಕ್ಟ್ರಿಶಿಯನ್ ಆಗಿರುವ ಸೇಡಂನ ಚಂದ್ರಕಾಂತನಿಗೆ ಸ್ವಿಚ್ ಆರಿಸಿದರೆ ಸಾಲದು, ಆರಿಸಿದ್ದನ್ನು ಮೂರು ಸಲ ನೋಡಬೇಕು. ಹೆಂಡತಿ ಗುರುಬಾಯಿ ಇಸ್ತ್ರಿ ಮುಗಿಸಿ ಎದ್ದ ಮೇಲೂ ಪ್ಲಗ್ ಮುಟ್ಟಿ ಬರುತ್ತಾನೆ. ನಲವತ್ತಾರು ವರ್ಷದ ಇಂಥ ಪುಕ್ಕಲ ಭಾನುವಾರ ಮಧ್ಯಾಹ್ನ ಏನು ಮಾಡುತ್ತಾನೆಂದು ಹೇಳಿದರೆ ಯಾರೂ ನಂಬಲಾರರು. ಕುಷಾಯಿಗೂಡದ ತನ್ನ ಮನೆಯ ಮಹಡಿ ಕೋಣೆಯಲ್ಲಿ ದಾಳ ಉರುಳಿಸುತ್ತ ಪಾಳುಕೋಟೆಗಳಲ್ಲಿ ನಿಧಿ ಹುಡುಕುತ್ತಾನೆ.

ಆ ಕೋಣೆಯ ಬಾಡಿಗೆದಾರಳು ಮೈಸೂರಿನ ಚಿತ್ರಾ. ಒಮ್ಮೆ ಫ್ಯೂಸ್ ಕಟ್ಟಲು ಹೋದ ಚಂದ್ರಕಾಂತ ಅಲ್ಲಿ ನಡೆದಿದ್ದ ಆಟ ನೋಡುತ್ತ ಕೂತ, ಹಾಗೇ ಅಂಟಿಕೊಂಡ. ಚಿತ್ರಾ ಕಥೆ ನಡೆಸುತ್ತಾಳೆ. ಉಳಿದವರು ತಮ್ಮ ಪಾತ್ರ ಏನು ಮಾಡುತ್ತದೆಂದು ಹೇಳುತ್ತಾರೆ. ಅದು ಕೈಗೂಡಿತೋ ಇಲ್ಲವೋ ದಾಳ ತೀರ್ಮಾನಿಸುತ್ತದೆ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ, ಹೊಟ್ಟೆಪಾಡಿನ ಗುಣವೂ ಅಷ್ಟೇ. ಸಾಫ್ಟ್‌ವೇರ್ ಪರೀಕ್ಷಿಸುವ ಚಿತ್ರಾಳ ಕೋಟೆಗಳಲ್ಲಿ ಸರಿಯಾಗಿ ತೆರೆಯುವ ಬಾಗಿಲು ಒಂದೂ ಇಲ್ಲ. ವಿಮಾ ಕಂಪನಿಯಲ್ಲಿ ಅಪಘಾತದ ಕಾಗದ ತಿರುವಿ ಹಾಕುವ ಮಂಗಳೂರಿನ ಋಷಭ್ ಯಾರ ಮಾತನ್ನೂ ನಂಬುವವನಲ್ಲ. ಚಂದ್ರಕಾಂತನ ಪಾತ್ರ ಒಬ್ಬ ಕಳ್ಳ. ಕಳ್ಳನಾದರೂ ಕಂಡ ಕಂಡ ಹಿಡಿಕೆಗೆಲ್ಲ ಎಚ್ಚರಿಕೆಯ ಕೆಂಪು ಕಾರ್ಡು ಕಟ್ಟುತ್ತಾನೆ.

ಅದು ಕಾರ್ಖಾನೆಯ ರೂಢಿ. ಕೋಳಿ ಆಹಾರ ಕಲಸುವ ದೊಡ್ಡ ಮಿಕ್ಸರಿನೊಳಗೆ ಯಾರಾದರೂ ದುರಸ್ತಿಗೆ ಇಳಿದರೆ ಚಂದ್ರಕಾಂತ ಕರೆಂಟ್ ತೆಗೆದು, ಒಳಗಿರುವವರ ಹೆಸರು ಬರೆದ ಕೆಂಪು ಕಾರ್ಡನ್ನು ಸ್ವಿಚ್ಚಿಗೆ ತಂತಿಯಿಂದ ಬಿಗಿಯಬೇಕು. ಸ್ವಿಚ್ಚಿಗೆ ಬೀಗವೂ ಬೇಕೆಂದು ಮ್ಯಾನೇಜರನ್ನು ಕೇಳಿ ಎರಡು ವರ್ಷವಾಯಿತು. ಆ ಪುಣ್ಯಾತ್ಮ ಇವತ್ತು ನಾಳೆ ಎನ್ನುತ್ತ ಕಾಲ ತಳ್ಳಿದ. ಕಾರ್ಖಾನೆಯ ಕಾರ್ಡು ತೆಲುಗಿನಲ್ಲಿ, ಆಟದ್ದು ಕನ್ನಡದಲ್ಲಿ. ಎರಡನ್ನೂ ಚಂದ್ರಕಾಂತ ಒಂದೇ ರಟ್ಟಿನಲ್ಲಿ ಕತ್ತರಿಸಿ, ಒಂದೇ ಬಣ್ಣ ಬಳಿದು, ಒಂದೇ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದ.

ಆ ಭಾನುವಾರ ಬೆಳಿಗ್ಗೆ ಫಿಟ್ಟರ್ ಹಂಪಯ್ಯ ಅಲಗು ಬದಲಿಸಲು ಮಿಕ್ಸರಿಗೆ ಇಳಿದ. ಚಂದ್ರಕಾಂತ ಕಾರ್ಡು ಬಿಗಿದು, ಪಾಳಿ ಮುಗಿಸಿ ಮನೆಗೆ ಬಂದ. ಸಂಜೆ ನಾಲ್ಕಕ್ಕೆ ಆಪರೇಟರ್ ಯಾದಗಿರಿ ಬಂದು ಯಂತ್ರ ಚಾಲೂ ಮಾಡುವವರೆಗೆ ಅಲ್ಲಿ ಬೇರೆ ಯಾರೂ ಇರುವುದಿಲ್ಲ.

ಆಟದಲ್ಲಿ ಋಷಭನ ಪಾತ್ರ ಬಾವಿಗೆ ಇಳಿಯಬೇಕಿತ್ತು. ಮೇಲಿನ ಹಿಡಿಕೆಯನ್ನು ಯಾರಾದರೂ ಎಳೆದರೆ ಬಂಡೆ ಉರುಳುತ್ತದೆ.

"ನೀವು ಇಳೀರಿ, ನಾ ಕಾರ್ಡ್ ಕಟ್ಟತೀನಿ," ಎಂದ ಚಂದ್ರಕಾಂತ.

"ನಿಮ್ಮ ಕಾರ್ಡನ್ನು ಯಾರು ಓದುವುದು ಚಂದ್ರಣ್ಣ?" ಎಂದ ಋಷಭ್. "ನಾನು ಹಿಡಿಕೆಯನ್ನೇ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡು ಇಳಿಯುತ್ತೇನೆ. ನನ್ನ ಜೀವ ನನ್ನ ಹತ್ತಿರವೇ ಇರಲಿ ಮಾರಾಯ್ರೆ."

ಎಲ್ಲರೂ ನಕ್ಕರು. ಚಂದ್ರಕಾಂತ ಹಟಕ್ಕೆ ಬಿದ್ದು ಜೇಬಿನಿಂದ ಕಾರ್ಡು ತೆಗೆದು ಮೇಜಿನ ಮೇಲಿಟ್ಟ. ಚಿತ್ರಾ ಅದನ್ನು ತಿರುಗಿಸಿ ನೋಡಿದಳು.

"ಇದೇನು, ತೆಲುಗಲ್ಲಿದೆ? ಇವತ್ತಿನ ತಾರೀಖೂ ಇದೆ. ಹಂಪಯ್ಯ ಅಂದ್ರೆ ಯಾರು?"

ಹಾಗಾದರೆ ಸ್ವಿಚ್ಚಿಗೆ ಬಿಗಿದು ಬಂದದ್ದು ಆಟದ ಕಾರ್ಡು. "ಒಳಗ ಅದಾನ," ಎಂದ ಚಂದ್ರಕಾಂತ. ಗಡಿಯಾರದಲ್ಲಿ ಮೂರೂ ಇಪ್ಪತ್ತು.

ಹಂಪಯ್ಯನ ಫೋನು, ಯಾದಗಿರಿಯ ಫೋನು ಎರಡೂ ಬಡಿದುಕೊಂಡವು, ಯಾರೂ ಎತ್ತಲಿಲ್ಲ. ಕಿಡಿ ತಾಗಿದರೆ ಹೊತ್ತಿಕೊಳ್ಳುವ ಹಿಟ್ಟಿನ ಧೂಳಿರುವ ಕಡೆ ಹಂಪಯ್ಯ ಫೋನು ಒಯ್ಯುವಂತಿಲ್ಲ, ಯಾದಗಿರಿ ಆಗಲೇ ದಾರಿಯಲ್ಲಿದ್ದಿರಬೇಕು. ಗೇಟಿನ ಕಾವಲುಗಾರನದು ಸ್ವಿಚ್ ಆಫ್. ಋಷಭ್ ಬೈಕ್ ತೆಗೆದ.

ತಾರ್ನಾಕ ದಾಟುವಾಗ ನಾಲ್ಕಕ್ಕೆ ಇಪ್ಪತ್ತು ನಿಮಿಷ. ಸಿಕಂದರಾಬಾದಿನಲ್ಲಿ ಒಂದು ಮದುವೆ ಮೆರವಣಿಗೆ ರಸ್ತೆಯನ್ನೇ ನುಂಗಿತ್ತು. ಇಪ್ಪತ್ತೆರಡು ವರ್ಷ ಮೂರು ಮೂರು ಸಲ ನೋಡಿದ ಕಣ್ಣು ಇವತ್ತು ಒಂದು ಸಲವೂ ನೋಡಲಿಲ್ಲವಲ್ಲ ಎಂದು ಚಂದ್ರಕಾಂತ ತನ್ನನ್ನು ತಾನೇ ಶಪಿಸಿಕೊಂಡ. ಹಂಪಯ್ಯನ ಹೆಂಡತಿ ಯಂಕಮ್ಮ ಪ್ರತಿ ಶನಿವಾರ ಇವನಿಗೂ ಸೇರಿಸಿ ಎರಡು ಜೋಳದ ರೊಟ್ಟಿ ಹೆಚ್ಚು ಕಟ್ಟುತ್ತಾಳೆ. ಅವಳಿಗೆ ಏನು ಹೇಳುವುದು? ಬೇಗಂಪೇಟೆಯ ಸಿಗ್ನಲ್ಲಿನಲ್ಲಿ ನಾಲ್ಕು ಹೊಡೆಯಿತು. ಋಷಭ್ ಏನೋ ಹೇಳಿದ, ಇವನ ಕಿವಿಗೆ ಬೀಳಲಿಲ್ಲ.

ಗೇಟಿಗೆ ಬಂದಾಗ ನಾಲ್ಕೂ ಹತ್ತು. ಒಳಗಿಂದ ಯಂತ್ರದ ಸದ್ದು ಕೇಳಿತು. ಯಾವ ಯಂತ್ರದ್ದು ಎಂದು ತಿಳಿಯದೆ ಚಂದ್ರಕಾಂತ ಎದ್ದುಬಿದ್ದು ಓಡಿದ.

ಓಡುತ್ತಿದ್ದುದು ಪಕ್ಕದ ಶೆಡ್ಡಿನ ಫ್ಯಾನು. ಯಾದಗಿರಿ ಮಿಕ್ಸರಿನ ಸ್ವಿಚ್ಚಿನ ಮುಂದೆ ಡಬ್ಬಿ ಬೋರಲು ಹಾಕಿ ಕೂತಿದ್ದ. ಸಿಟ್ಟಿನಲ್ಲಿದ್ದ. ಈ ಕಾರ್ಡಿನಲ್ಲಿ ಏನು ಗೀಚಿದ್ದೀಯ ಎಂದು ತೆಲುಗಿನಲ್ಲಿ ಕೇಳಿದ. ಮಿಕ್ಸರನ್ನು ಮೂರು ಸಲ ಬಡಿದನಂತೆ, ಒಳಗಿಂದ ಹೂಂ ಇಲ್ಲ ಹಾಂ ಇಲ್ಲ. ಖಾಲಿಯೆಂದುಕೊಂಡು ಕೈಯೆತ್ತಿದ್ದೂ ಆಗಿತ್ತು. ಆದರೆ ತಂತಿಯ ಗಂಟು ಚಂದ್ರಕಾಂತನದು, ಅವನು ಸುಮ್ಮನೆ ಕಟ್ಟುವವನಲ್ಲ, ಓದುವವರು ಬರಲಿ ಎಂದು ಕೂತನಂತೆ.

ಚಂದ್ರಕಾಂತ ಮಿಕ್ಸರಿನ ಬಾಯಿಯಲ್ಲಿ ಬಗ್ಗಿ ನೋಡಿದ. ಎರಡು ಪಾಳಿ ಒಟ್ಟಿಗೆ ದುಡಿದ ಹಂಪಯ್ಯ ಅಲಗುಗಳ ನಡುವೆ ಗೋಣಿಚೀಲ ಹಾಸಿ ಗೊರಕೆ ಹೊಡೆಯುತ್ತಿದ್ದ. ಚಂದ್ರಕಾಂತ ಅಲ್ಲೇ ನೆಲಕ್ಕೆ ಕುಸಿದು ಅತ್ತುಬಿಟ್ಟ.

ಕಾರ್ಡಿನಲ್ಲಿ ಏನಿದೆ ಎಂದು ಯಾದಗಿರಿ ಮತ್ತೆ ಕೇಳಿದ. ಋಷಭ್ ಅದನ್ನು ಗಟ್ಟಿಯಾಗಿ ಓದಿ, ತೆಲುಗಿನಲ್ಲಿ ಅರ್ಥ ಹೇಳಿದ: "ಒಳಗ ರಾಕ್ಷಸ ಮಲಗ್ಯಾನ, ಎಬ್ಬಿಸಬ್ಯಾಡ್ರಿ."

ಮರುದಿನ ಚಂದ್ರಕಾಂತ ಯಾರನ್ನೂ ಕೇಳಲಿಲ್ಲ. ಹಾಜರಿ ತಪ್ಪಿದರೆ ತಪ್ಪಲಿ ಎಂದು ಬೇಗಂ ಬಜಾರ್‌ಗೆ ಹೋಗಿ ಒಂದು ಹಿತ್ತಾಳೆ ಬೀಗ ತಂದ. ಅದಕ್ಕಿದ್ದ ಎರಡು ಚಾವಿಗಳಲ್ಲಿ ಒಂದನ್ನು ಅಂಗಡಿಯ ಮುಂದೆಯೇ ಸುತ್ತಿಗೆಯಿಂದ ಜಜ್ಜಿ ಬಂದಿದ್ದ. ಉಳಿದದ್ದನ್ನು ಹಂಪಯ್ಯನ ಅಂಗೈಯಲ್ಲಿಟ್ಟ.

"ಒಳಗ ಇಳಿಯೂ ಮುಂದ ಇದನ್ನ ಉಡದಾರಕ್ಕ ಕಟ್ಟಿಕೊಳ್ರಿ. ನೀವು ಹೊರಗ ಬರೂತನಕ ಯಾರ ಕೈಯಾಗೂ ಕೊಡಬ್ಯಾಡ್ರಿ," ಎಂದ. "ನನ್ನ ಕೈಯಾಗೂ."